ಸುಣ್ಣದ ಗೆರೆಯ ಮೇಲೆ ಕೂತ ಹುಡುಗ

ತಿಪಟೂರು
ಸಂಕ್ರಾಂತಿಯ ಮಾರನೇ ದಿನ

ಚಿ. ಸಿರಿಗೆ ನಿನ್ನ ಚಿಕ್ಕತಾತ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅವರೆಕಾಯಿ ಕಾಲ. ಬೆಳಿಗ್ಗೆಯಿಂದ ನಿನ್ನ ಅಜ್ಜಿ ಜೊತೆ ಕೂತು ನೆನೆಸಿದ ಅವರೆಕಾಳು ಹಿಚುಕಿ ಹಿಚುಕಿ ಬೆರಳ ತುದಿಯೆಲ್ಲ ಸುಕ್ಕಾಗಿದೆ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ. ಅಮೆರಿಕದ ನಿಮ್ಮ ಶನಿವಾರದ ಕನ್ನಡ ಕ್ಲಾಸಿನಲ್ಲಿ ನೀನು ಚೆನ್ನಾಗಿ ಓದಲು ಕಲಿತಿದ್ದೀಯ ಅನ್ನೋ ಧೈರ್ಯದ ಮೇಲೆ ಉದ್ದಕ್ಕೇ ಬರೆಯುತ್ತಿದ್ದೇನೆ. ತಿಳಿಯದ ಪದ ಬಂದರೆ ಅಮ್ಮನನ್ನು ಕೇಳು. ಅಪ್ಪನನ್ನು ಕೇಳಬೇಡ, ಅವನು ಈಗಲೇ ಕಾದ ಬಾಣಲೆ ಆಗಿದ್ದಾನೆ.

ಮೊನ್ನೆ ಫೋನ್ ಮಾಡಿದ್ದ. ನಿಮ್ಮ ಸ್ಕೂಲಿನ ಸಾಕರ್ ಟೀಮಿನವರು ಈ ಸೀಸನ್ನಿನ ಕೊನೆಯ ಹೋಮ್ ಮ್ಯಾಚಿನಲ್ಲಿ, ರಾಷ್ಟ್ರಗೀತೆ ಹಾಕಿದಾಗ ನಾಲ್ಕು ಜನ ಮಂಡಿಯೂರುತ್ತೀರಂತೆ. ಅದರಲ್ಲಿ ನೀನೂ ಒಬ್ಬಳಂತೆ. ನಿಮ್ಮ ಟೀಮಿನ ಒಬ್ಬ ಕಪ್ಪು ಹುಡುಗಿಯ ಅಣ್ಣನನ್ನು ಪೊಲೀಸರು ಎರಡು ಸಲ ಕಾರು ನಿಲ್ಲಿಸಿ ರಸ್ತೆ ಬದಿಯಲ್ಲಿ ಕೂರಿಸಿದರಂತೆ, ಏನೂ ಸಿಗದೆ ಬಿಟ್ಟರಂತೆ. ಅದಕ್ಕೆ ಈ ಪ್ರತಿಭಟನೆ. "ಚಿಕ್ಕಪ್ಪ, ನೀವು ಮೂವತ್ತು ಚಿಲ್ಲರೆ ವರ್ಷ ಪಿ.ಟಿ. ಮೇಷ್ಟ್ರಾಗಿದ್ದವರು. ದಿನಾ ಬೆಳಿಗ್ಗೆ ಮಕ್ಕಳನ್ನು ನಿಲ್ಲಿಸಿ ಜನಗಣಮನ ಹಾಡಿಸಿದವರು. ನೀವೇ ಹೇಳಿ, ನನ್ನ ಮಾತು ಅವಳ ಕಿವಿಗೆ ಹೋಗ್ತಿಲ್ಲ" ಅಂದ.

ಬರೀತೀನಿ ಅಂದೆ. ಏನು ಬರೀತೀನಿ ಅಂತ ಹೇಳಲಿಲ್ಲ.

ಜನಗಣಮನ 52 ಸೆಕೆಂಡು. ನಾನು ವಾಚು ನೋಡದೆ ಅಳೆಯಬಲ್ಲೆ. ಎಷ್ಟನೇ ಸಾಲಿಗೆ ಚಿಕ್ಕ ಮಕ್ಕಳ ಕಾಲು ನಡುಗಲು ಶುರುವಾಗುತ್ತೆ, ಎಲ್ಲಿ ಶ್ರುತಿ ಮೇಲಕ್ಕೆ ಹೋಗಿ ಹುಡುಗರ ಗಂಟಲು ಒಡೆಯುತ್ತೆ, ಎಲ್ಲ ಗೊತ್ತು. ಆ ಹೊತ್ತಿನಲ್ಲಿ ಯಾರಾದರೂ ಕತ್ತು ಆಡಿಸಿದರೂ ನನಗೆ ಮೈ ಉರಿಯುತ್ತಿತ್ತು. ಇಂಥವನಿಂದ ನೀನು ಬೈಗುಳ ಕಾಯುತ್ತಿರಬಹುದು. ಇರು.

ನಾನು ರಿಟೈರ್ ಆದ ವರ್ಷ, 2016ರಲ್ಲಿ, ನಾವಿಬ್ಬರೂ ನಿಮ್ಮ ಸನ್ನಿವೇಲ್ ಮನೆಗೆ ಬಂದು ಆರು ತಿಂಗಳು ಇದ್ದೆವು. ನಿನಗಾಗ 7 ವರ್ಷ. ಆ ಆಗಸ್ಟ್‌ನಲ್ಲೇ ಈ ಗಲಾಟೆ ಶುರುವಾಗಿದ್ದು, ಅದೂ ನಿಮ್ಮ ಪಕ್ಕದ ಊರು ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ. ಅಮೆರಿಕನ್ ಫುಟ್‌ಬಾಲಿನ ಫಾರ್ಟಿನೈನರ್ಸ್ ತಂಡದ ಮುಖ್ಯ ಆಟಗಾರ, ಅಂದರೆ ಕ್ವಾರ್ಟರ್‌ಬ್ಯಾಕ್ ಕಾಲಿನ್ ಕೆಪರ್ನಿಕ್ ರಾಷ್ಟ್ರಗೀತೆಯ ಹೊತ್ತಿಗೆ ಬೆಂಚಿನ ಮೇಲೆ ಕೂತೇ ಇದ್ದ. ಮೊದಲೆರಡು ಮ್ಯಾಚಿನಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆಗಸ್ಟ್ 26ರ ಮ್ಯಾಚಿನಲ್ಲಿ ಒಂದು ಫೋಟೋದಲ್ಲಿ ಸಿಕ್ಕಿಬಿದ್ದ. ಕಪ್ಪು ಜನರನ್ನು ತುಳಿಯುವ ದೇಶದ ಬಾವುಟಕ್ಕೆ ಹೆಮ್ಮೆಯಿಂದ ಎದ್ದು ನಿಲ್ಲಲಾರೆ, ಪೊಲೀಸರು ಜನರನ್ನು ಕೊಂದು ಸಂಬಳದ ರಜೆ ಮೇಲೆ ಹೋಗುತ್ತಾರೆ ಅಂದ.

ನಾನು ನಿಮ್ಮ ಸೋಫಾದ ಮೇಲೆ ಕೂತು, "ಎದ್ದು ನಿಂತರೆ ಇವನ ಗಂಟೇನು ಹೋಗುತ್ತೆ?" ಅಂದಿದ್ದೆ. ನಿಮ್ಮಪ್ಪ ಹೌದು ಅಂತ ತಲೆ ಆಡಿಸಿದ್ದ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜೆಟ್ ಲ್ಯಾಗ್ ಅಂತ ಅಜ್ಜಿಗೆ ಹೇಳಿದೆ. ನಾವು ಬಂದು ಆಗಲೇ ತಿಂಗಳಾಗಿತ್ತು.

ಈಗ ಹೇಳುವುದನ್ನು ನಿಮ್ಮಪ್ಪನಿಗೂ ಹೇಳಿಲ್ಲ.

1986. ನಾನಾಗ ಇಲ್ಲೇ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿದ್ದೆ. ಆಗಸ್ಟ್ ಎರಡನೇ ವಾರ ಪೇಪರಿನಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು. ಕೇರಳದ ಮೂವರು ಮಕ್ಕಳದು, ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಥದವರು. ಜನಗಣಮನ ಶುರುವಾದರೆ ಎದ್ದು ನೆಟ್ಟಗೆ ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಅವರ ನಂಬಿಕೆ ಹಾಗೆ. 1985ರ ಜುಲೈನಲ್ಲಿ ಅವರನ್ನು ಸ್ಕೂಲಿನಿಂದ ತೆಗೆದುಹಾಕಿದ್ದರು. 1986ರ ಆಗಸ್ಟ್ 11ಕ್ಕೆ ಕೋರ್ಟು ವಾಪಸ್ ಸೇರಿಸಿಕೊಳ್ಳಿ ಅಂತು. ಗೌರವದಿಂದ ಎದ್ದು ನಿಂತಿದ್ದಾರಲ್ಲ, ಹಾಡಲೇಬೇಕು ಅನ್ನೋ ಕಾನೂನು ಎಲ್ಲಿದೆ ಅಂತ ಜಸ್ಟಿಸ್ ಚಿನ್ನಪ್ಪ ರೆಡ್ಡಿಯವರ ಮಾತಿನ ಸಾರ. ನಾನು ಸ್ಟಾಫ್ ರೂಮಿನಲ್ಲಿ ಪೇಪರನ್ನು ಮೇಜಿನ ಮೇಲೆ ಬಿಸಾಕಿ, "ನನ್ನ ಸ್ಕೂಲಲ್ಲಿ ಆಗಿದ್ರೆ ಚರ್ಮ ಸುಲಿದುಬಿಡ್ತಿದ್ದೆ" ಅಂದೆ. ಎಲ್ಲರೂ ಹೌದು ಹೌದು ಅಂದರು.

ಅದಾಗಿ ಮೂರು ದಿನಕ್ಕೆ ಆಗಸ್ಟ್ 15. ಹಿಂದಿನ ಸಂಜೆ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುವ ಕೆಲಸ. ಅದನ್ನು ಮಾಡುತ್ತಿದ್ದವನು ಹತ್ತನೇ ಕ್ಲಾಸಿನ ಒಬ್ಬ ಹುಡುಗ. ತಗಡಿನ ಡಬ್ಬದ ತಳಕ್ಕೆ ತೂತು ಹೊಡೆದು, ಬಗ್ಗಿ ನಡೆಯುತ್ತ, ಸುಣ್ಣದ ಪುಡಿ ಉದುರಿಸುತ್ತ ಹೋಗುತ್ತಿದ್ದ. ಗೆರೆ ಒಂದಿಂಚೂ ಆಚೀಚೆ ಆಗುತ್ತಿರಲಿಲ್ಲ. ಅವನೇ ನಮ್ಮ 800 ಮೀಟರ್ ಓಟಗಾರ. ಬರಿಗಾಲು. ಕಾಲೋನಿಯ ಹುಡುಗ. ಹಿಂದಿನ ವರ್ಷ ತಾಲ್ಲೂಕಿಗೇ ಮೊದಲು ಬಂದಿದ್ದ. ಈ ಸಲದ ಕ್ರೀಡಾಕೂಟಕ್ಕೆ ಲಿಸ್ಟ್ ಕಳಿಸುವ ಮುಂಚೆ ಊರಿನ ದೊಡ್ಡವರೊಬ್ಬರು ಹೆಡ್ಮೇಷ್ಟ್ರ ರೂಮಿನಲ್ಲಿ ಕೂತು ಕಾಫಿ ಕುಡಿದು ಹೋದರು. ಅವರ ತಮ್ಮನ ಮಗನೂ ಚೆನ್ನಾಗಿ ಓಡುತ್ತಾನಂತೆ. ಲಿಸ್ಟ್ ಬರೆದವನು ನಾನು, ಒಂದು ಹೆಸರಿನ ಮೇಲೆ ಗೆರೆ ಎಳೆದು ಇನ್ನೊಂದು ಹೆಸರು ಬರೆದವನೂ ನಾನೇ.

ಬೆಳಿಗ್ಗೆ ಬಾವುಟ ಏರಿತು. ಹೂವು ಉದುರಿತು. ನಾನು ಸಾವಧಾನ್ ಅಂದೆ. ಜನಗಣಮನ ಶುರುವಾಗುತ್ತಿದ್ದ ಹಾಗೆ ಆ ಹುಡುಗ ತಾನೇ ಎಳೆದ ಗೆರೆಯ ಮೇಲೆ ಕೂತುಬಿಟ್ಟ. ಚಕ್ಕಳಮಕ್ಕಳ ಹಾಕಿಕೊಂಡು, ಊಟಕ್ಕೆ ಕೂತ ಹಾಗೆ. ನಾನು ಅಲುಗಾಡುವ ಹಾಗಿಲ್ಲ, ಸಾವಧಾನದಲ್ಲಿದ್ದೇನೆ. ಜಯ ಜಯ ಜಯ ಜಯಹೇ ಮುಗಿಯಿತೋ ಇಲ್ಲವೋ, ಹೋಗಿ ಕೆನ್ನೆಗೆ ಎರಡು ಬಾರಿಸಿದೆ. ಅವನು ಎದ್ದ. ಅಳಲಿಲ್ಲ. ಗೇಟಿನ ಕಡೆ ನಡೆದ. ಖಾಕಿ ಚಡ್ಡಿಯ ಹಿಂದೆ ಅಡ್ಡಕ್ಕೆ ಬೆಳ್ಳಗೆ ಸುಣ್ಣದ ಪಟ್ಟೆ. ಆಮೇಲೆ ಪೆಪ್ಪರ್‌ಮೆಂಟು ಹಂಚಿದಾಗ ಅವನ ಪಾಲಿನ ಎರಡು ನನ್ನ ಕೈಯಲ್ಲೇ ಉಳಿದವು.

ಊರೆಲ್ಲ ಅದೇ ಮಾತು. ಹೋಟೆಲಿನಲ್ಲಿ, ಅರಳಿಕಟ್ಟೆಯಲ್ಲಿ, ನಮ್ಮ ಸ್ಟಾಫ್ ರೂಮಿನಲ್ಲಿ. ಕಾಲೋನಿ ಹುಡುಗನ ಸೊಕ್ಕು ನೋಡಿ, ಬಾವುಟಕ್ಕೇ ಅವಮಾನ ಮಾಡಿದ. ಲಿಸ್ಟಿನ ಮಾತು ಎಲ್ಲೂ ಇಲ್ಲ. ಯಾಕೋ ಕೂತೆ ಅಂತ ಅವನನ್ನು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ನನಗೆ ಗೊತ್ತಿತ್ತಲ್ಲ.

ಕೆಪರ್ನಿಕ್ ವಿಷಯದಲ್ಲೂ ಹೀಗೇ ಆಯಿತು ಅಂತ ನಿಮ್ಮ ಮನೆ ಟೀವಿ ಮುಂದೆ ಕೂತು ನೋಡಿದೆ. ಅವನು ಎತ್ತಿದ್ದು ಪೊಲೀಸರ ಮಾತು. ಎರಡೇ ದಿನದಲ್ಲಿ ಅದು ಬಾವುಟದ ಮಾತಾಯಿತು, ಸೈನಿಕರ ಮಾತಾಯಿತು. ಅವನ ಜರ್ಸಿಗೆ ಬೆಂಕಿ ಹಚ್ಚಿದವರೂ ಇದ್ದರು, ಅದೇ ಜರ್ಸಿ ಮುಗಿಬಿದ್ದು ಕೊಂಡವರೂ ಇದ್ದರು.

ಆದರೆ ಒಬ್ಬ ಮನುಷ್ಯ ಬೇರೆ ಥರ ಮಾಡಿದ. ಈ ಕಾಗದ ಬರೆಯುತ್ತಿರುವುದೇ ಅವನ ವಿಷಯ ಹೇಳಲಿಕ್ಕೆ. ನೇಟ್ ಬಾಯರ್ ಅಂತ. ಅಮೆರಿಕದ ಸೇನೆಯ ವಿಶೇಷ ಪಡೆಯಲ್ಲಿದ್ದು ಇರಾಕ್, ಅಫ್ಘಾನಿಸ್ತಾನ ನೋಡಿ ಬಂದವನು. ಆಮೇಲೆ ಸ್ವಲ್ಪ ದಿನ ಸಿಯಾಟಲ್ ತಂಡದಲ್ಲೂ ಇದ್ದ. ಕೆಪರ್ನಿಕ್ ಕೂತಿದ್ದು ನೋಡಿ ಅವನಿಗೆ ಸಿಟ್ಟು ಬಂತು, ನೋವಾಯಿತು. ಅದನ್ನು ಮುಚ್ಚಿಡದೆ ಒಂದು ಬಹಿರಂಗ ಪತ್ರ ಬರೆದ. ಸಿಟ್ಟೂ ಇದೆ, ಆದರೆ ನಿನ್ನ ಮಾತು ಕೇಳಲು ತಯಾರಿದ್ದೇನೆ ಅನ್ನೋ ಧಾಟಿಯ ಪತ್ರ. ಕೆಪರ್ನಿಕ್ ಅದನ್ನು ಓದಿ ಕರೆಸಿಕೊಂಡ. ಸೆಪ್ಟೆಂಬರ್ 1ರಂದು ಸ್ಯಾನ್ ಡಿಯಾಗೋದಲ್ಲಿ, ಮ್ಯಾಚಿಗೆ ಮುಂಚೆ, ಒಂದು ಹೋಟೆಲಿನಲ್ಲಿ ಇಬ್ಬರೂ ಕೂತು ಮಾತಾಡಿದರು. ಜೊತೆಗೆ ಅದೇ ತಂಡದ ಎರಿಕ್ ರೀಡ್ ಕೂಡ ಇದ್ದ. ಬೆಂಚಿನ ಮೇಲೆ ಒಬ್ಬನೇ ಕೂರುವುದು ಬೇಡ, ನಿನ್ನ ಜೊತೆಗಾರರ ಪಕ್ಕ ಬಂದು ಮಂಡಿಯೂರು, ಸೈನಿಕರು ಸತ್ತ ಗೆಳೆಯನ ಸಮಾಧಿ ಮುಂದೆ ಮಂಡಿಯೂರುತ್ತಾರೆ ಅಂತ ಬಾಯರ್ ಹೇಳಿದ. ಆ ರಾತ್ರಿ ಸ್ಟೇಡಿಯಂನಲ್ಲಿ ಸೈನಿಕರಿಗೆ ಗೌರವ ಸಲ್ಲಿಸುವ ಕಾರ್ಯಕ್ರಮ ಬೇರೆ ಇತ್ತು. ಕೆಪರ್ನಿಕ್, ರೀಡ್ ಇಬ್ಬರೂ ಮಂಡಿಯೂರಿದರು. ಪಕ್ಕದಲ್ಲೇ ಬಾಯರ್ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತ. ಜನ ಹೋ ಅಂತ ಕೂಗಿ ಹೀಯಾಳಿಸಿದರು.

ನೋಡು, ನೀನು ಈಗ ಮಾಡಬೇಕು ಅಂದುಕೊಂಡಿರುವ ಆ ಮಂಡಿಯೂರುವುದು ಬಂದಿದ್ದು ಹೀಗೆ. ಒಪ್ಪದ ಇಬ್ಬರು ಎದುರುಬದುರು ಕೂತಿದ್ದರಿಂದ ಹುಟ್ಟಿತು. ನನಗಂತೂ ಮೊದಲು ಇದರಲ್ಲಿ ಅವಮಾನ ಏನಿದೆ ಅಂತಲೇ ತಿಳಿದಿರಲಿಲ್ಲ. ನಮ್ಮ ಮಾತಿನಲ್ಲಿ ಮಂಡಿಯೂರುವುದು ಅಂದರೆ ಶರಣಾಗುವುದು. ಗರಡಿಗೆ ಕಾಲಿಡುವ ಮುಂಚೆ ಪೈಲ್ವಾನರು ಬಗ್ಗಿ ಮಣ್ಣು ಮುಟ್ಟುವುದಿಲ್ವಾ?

ಹಾಗಂತ ಕೆಪರ್ನಿಕ್ ಮಾಡಿದ್ದೆಲ್ಲ ನನಗೆ ಹಿಡಿಸಿತು ಅಂತಲ್ಲ. ಪೊಲೀಸರನ್ನು ಹಂದಿ ಮಾಡಿ ಚಿತ್ರ ಹಾಕಿದ ಸಾಕ್ಸ್ ಹಾಕಿಕೊಂಡು ಪ್ರಾಕ್ಟೀಸಿಗೆ ಬಂದಿದ್ದ. ಅದು ಚೆಲ್ಲಾಟ. ಆ ನವೆಂಬರ್‌ನಲ್ಲಿ ಓಟೂ ಹಾಕಲಿಲ್ಲ. ಆದರೆ ಹತ್ತು ಲಕ್ಷ ಡಾಲರ್ ದಾನ ಕೊಡುತ್ತೇನೆ ಅಂದಿದ್ದ, ಕೊಟ್ಟ. ಮುಂದಿನ ವರ್ಷ ಒಪ್ಪಂದದಿಂದ ಹೊರಬಂದವನನ್ನು ಯಾವ ತಂಡವೂ ತೆಗೆದುಕೊಳ್ಳಲಿಲ್ಲ. ಆಗ ಅವನಿಗೆ 29 ವರ್ಷ. ಆಮೇಲೆ ಒಂದು ಮ್ಯಾಚೂ ಆಡಲಿಲ್ಲ.

2017ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಅಲಬಾಮಾದ ಸಭೆಯಲ್ಲಿ, ಹೀಗೆ ಮಾಡುವವನನ್ನು ಮಾಲೀಕರು ಮೈದಾನದಿಂದ ಎಳೆದು ಹಾಕಬೇಕು ಅಂತ ತಾಯಿ ಹೆಸರೆತ್ತಿ ಬೈದರು. ಆ ವಾರಾಂತ್ಯ 200ಕ್ಕೂ ಜಾಸ್ತಿ ಆಟಗಾರರು ಮಂಡಿಯೂರಿದರು, ಇಲ್ಲ ಕೂತರು. ಅಲ್ಲಿಗೆ ಪೊಲೀಸರ ಮಾತು ಪೂರ್ತಿ ಕಳೆದುಹೋಯಿತು ಅನ್ನಿಸುತ್ತೆ ನನಗೆ. ಎಲ್ಲ ಟ್ರಂಪ್ ಪರ, ಟ್ರಂಪ್ ವಿರುದ್ಧ ಆಗಿಹೋಯಿತು. ಇನ್ನೊಂದು ತಮಾಷೆ ಕೇಳು. ಸ್ಟೇಡಿಯಂಗಳಲ್ಲಿ ಸೈನಿಕರನ್ನು ಕರೆದು ಚಪ್ಪಾಳೆ ಹೊಡೆಸುತ್ತಾರಲ್ಲ, ಅದರಲ್ಲಿ ಎಷ್ಟೋ ಕಾರ್ಯಕ್ರಮಕ್ಕೆ ರಕ್ಷಣಾ ಇಲಾಖೆ ತಂಡಗಳಿಗೆ ದುಡ್ಡು ಕೊಟ್ಟಿತ್ತು ಅಂತ ಮೆಕೇನ್, ಫ್ಲೇಕ್ ಅನ್ನೋ ಇಬ್ಬರು ಸೆನೆಟರ್‌ಗಳು 2015ರಲ್ಲೇ ಬಯಲು ಮಾಡಿದ್ದರು. ಮರುವರ್ಷ ಆ ಫುಟ್‌ಬಾಲ್ ತಂಡಗಳ ಲೀಗಿನವರು 7 ಲಕ್ಷ ಡಾಲರಿಗೂ ಜಾಸ್ತಿ ಹಣ ವಾಪಸ್ ಕೊಟ್ಟರು. ಬಾಡಿಗೆ ಭಜನೆ!

2020ರ ಮೇ ತಿಂಗಳಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕತ್ತಿನ ಮೇಲೆ ಪೊಲೀಸನೊಬ್ಬ ಮಂಡಿ ಊರಿ ಕೊಂದ. ಆಮೇಲೆ, ಜೂನ್‌ನಲ್ಲಿ, ಲೀಗಿನ ಮುಖ್ಯಸ್ಥ ರೋಜರ್ ಗುಡೆಲ್ ಆಟಗಾರರ ಮಾತು ಮೊದಲೇ ಕೇಳದೆ ತಪ್ಪು ಮಾಡಿದೆವು ಅಂದ. ಅವತ್ತೂ ಕೆಪರ್ನಿಕ್ ಹೆಸರು ಅವನ ಬಾಯಲ್ಲಿ ಬರಲಿಲ್ಲ.

ನಿಮ್ಮಪ್ಪನ ಹೆದರಿಕೆಯನ್ನು ಹಗುರ ಮಾಡಬೇಡ, ಪುಟ್ಟಿ. ನೀನು ಅಲ್ಲೇ ಹುಟ್ಟಿದವಳು, ನಿನ್ನನ್ನು ಯಾರೂ ಎಲ್ಲಿಗೂ ಕಳಿಸಲಾರರು. ಅವನು ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ಹನ್ನೊಂದು ವರ್ಷ ಆಯಿತು. ಮನೆಗೆ ಒಂದು ಸರ್ಕಾರಿ ಲಕೋಟೆ ಬಂದರೆ ಬಿಚ್ಚುವ ಮುಂಚೆ ಅವನ ಮುಖ ಹೇಗಾಗುತ್ತೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. "ನಮಗ್ಯಾಕೆ ಬೇಕು" ಅಂತ ಅವನು ಅಂದರೆ, ಅದು ಹೇಡಿ ಮಾತು ಅಂತ ಮುಖ ತಿರುಗಿಸಬೇಡ. ಅವನಿಗೆ ಬೇಕಾದರೆ ಒಂದು ವಿಷಯ ಹೇಳು. 1943ರಲ್ಲಿ, ಯುದ್ಧ ನಡೆಯುತ್ತಿದ್ದ ಹೊತ್ತಿನಲ್ಲೇ, ಸ್ಕೂಲು ಮಕ್ಕಳಿಗೆ ಬಾವುಟಕ್ಕೆ ಸೆಲ್ಯೂಟ್ ಮಾಡು ಅಂತ ಬಲವಂತ ಮಾಡುವ ಹಾಗಿಲ್ಲ ಅಂತ ನಿಮ್ಮ ಸುಪ್ರೀಂ ಕೋರ್ಟು ಹೇಳಿದೆ. ಅಲ್ಲೂ ಯೆಹೋವನ ಸಾಕ್ಷಿಗಳ ಮಕ್ಕಳೇ! ಮೂರು ವರ್ಷ ಮುಂಚೆ ಅದೇ ಕೋರ್ಟು ಉಲ್ಟಾ ಹೇಳಿತ್ತು, ಆಗ ಎಷ್ಟೋ ಊರುಗಳಲ್ಲಿ ಜನ ಆ ಪಂಥದವರನ್ನು ಹಿಡಿದು ಹೊಡೆದರು. ಕೋರ್ಟು ತನ್ನ ತಪ್ಪು ತಾನೇ ತಿದ್ದಿಕೊಂಡಿತು. ಅಪ್ಪನಿಗೆ ಇಷ್ಟರಿಂದ ನಿದ್ದೆ ಬರುತ್ತೆ ಅಂತಲ್ಲ. ಆದರೂ ಹೇಳು.

ನಿನ್ನನ್ನು ಕೇಳಬೇಕಾದ್ದು ಬೇರೆ ಇದೆ. ಆ ಹುಡುಗಿಯನ್ನು ಕೇಳಿದ್ದೀಯಾ? ಅವಳ ಅಣ್ಣನನ್ನು? ನೀವು ನಾಲ್ಕು ಜನ ಮಂಡಿಯೂರಿ ಮನೆಗೆ ಹೋಗುತ್ತೀರಿ. ಮಾರನೇ ದಿನ ಅದೇ ರಸ್ತೆಯಲ್ಲಿ ಕಾರು ಓಡಿಸುವವನು ಅವನು. ಅವನು ಬೇಡ ಅಂದರೆ ಬೇಡ. ಬೇಕು ಅಂದರೆ, ಅವಳ ಪಕ್ಕದಲ್ಲಿರು, ಅವಳ ಮುಂದೆ ಹೋಗಬೇಡ.

ಪಕ್ಕದಲ್ಲಿರುವುದು ಅಂದಾಗ ನನಗೆ ಪೀಟರ್ ನಾರ್ಮನ್ ನೆನಪಾಗುತ್ತಾನೆ. 1968ರ ಅಕ್ಟೋಬರ್ 16, ಮೆಕ್ಸಿಕೋ ಒಲಿಂಪಿಕ್ಸ್, 200 ಮೀಟರ್. ನನಗಾಗ 12 ವರ್ಷ, ನಮ್ಮೂರಿಗೆ ಇದೆಲ್ಲ ತಲುಪಿರಲಿಲ್ಲ. ಪಿ.ಟಿ. ಟ್ರೈನಿಂಗಿಗೆ ಹೋದಾಗ ಆ ಫೋಟೋ ನೋಡಿದೆ. ಟಾಮಿ ಸ್ಮಿತ್ 19.83 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿ ಚಿನ್ನ ಗೆದ್ದ. ಜಾನ್ ಕಾರ್ಲೋಸ್ ಮೂರನೆಯವನು. ಇಬ್ಬರೂ ಅಮೆರಿಕದ ಕಪ್ಪು ಓಟಗಾರರು. ಬೂಟು ಬಿಚ್ಚಿ, ಕಪ್ಪು ಕಾಲುಚೀಲದಲ್ಲಿ ನಿಂತು, ರಾಷ್ಟ್ರಗೀತೆಯ ಹೊತ್ತಿಗೆ ತಲೆ ತಗ್ಗಿಸಿ ಕಪ್ಪು ಗ್ಲೌಸು ತೊಟ್ಟ ಮುಷ್ಟಿ ಎತ್ತಿದರು. ಎರಡನೆಯವನಾಗಿ ನಿಂತ ಬಿಳಿಯ ಆಸ್ಟ್ರೇಲಿಯನ್ನನೇ ನಾರ್ಮನ್. ಅವನು ಕೈ ಎತ್ತಲಿಲ್ಲ. ಅವರು ಹಾಕಿದ್ದ ಮಾನವ ಹಕ್ಕಿನ ಬ್ಯಾಡ್ಜನ್ನು ತಾನೂ ಎದೆಗೆ ಸಿಕ್ಕಿಸಿಕೊಂಡು ಸುಮ್ನೆ ನಿಂತ, ಅಷ್ಟೇ. ಕಾರ್ಲೋಸ್ ತನ್ನ ಗ್ಲೌಸು ಮರೆತು ಬಂದಿದ್ದ, ಇರುವ ಒಂದು ಜೊತೆಯನ್ನೇ ಒಂದೊಂದು ಹಂಚಿಕೊಳ್ಳಿ ಅಂದವನೂ ಇವನೇ. ಅದಕ್ಕೇ ಫೋಟೋದಲ್ಲಿ ಒಬ್ಬನದು ಬಲಗೈ, ಇನ್ನೊಬ್ಬನದು ಎಡಗೈ. ಆ ಇಬ್ಬರನ್ನೂ ಒಲಿಂಪಿಕ್ಸ್‌ನಿಂದ ಮನೆಗೆ ಕಳಿಸಿದರು. ನಾರ್ಮನ್‌ಗೆ ಮುಂದೆ ಒಲಿಂಪಿಕ್ಸ್ ಸಿಗಲೇ ಇಲ್ಲ. 2006ರಲ್ಲಿ ಅವನು ತೀರಿಕೊಂಡಾಗ ಸ್ಮಿತ್ ಮತ್ತು ಕಾರ್ಲೋಸ್ ಆಸ್ಟ್ರೇಲಿಯಾಕ್ಕೆ ಹೋಗಿ ಶವಪೆಟ್ಟಿಗೆಗೆ ಹೆಗಲು ಕೊಟ್ಟರು.

ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಯಲ್ಲಿ ಇವರ ಪ್ರತಿಮೆ ಇದೆ, ನಿಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ನಾನು ನಿಮ್ಮಪ್ಪನನ್ನು ಪೀಡಿಸಿ ಹೋಗಿ ನೋಡಿ ಬಂದೆ. ಎರಡನೇ ಸ್ಥಾನದ ಮೆಟ್ಟಿಲು ಖಾಲಿ. ತನ್ನ ಪ್ರತಿಮೆ ಬೇಡ, ನೋಡಲು ಬಂದವರು ಅಲ್ಲಿ ಹತ್ತಿ ನಿಲ್ಲಲಿ ಅಂತ ನಾರ್ಮನ್ನೇ ಹೇಳಿದ್ದನಂತೆ. ಅವತ್ತು ನಿನ್ನನ್ನು ಎತ್ತಿ ಅಲ್ಲಿ ನಿಲ್ಲಿಸಿದ್ದೆ. ನೀನು ಐಸ್‌ಕ್ರೀಂ ಬೇಕು ಅಂತ ಅಳುತ್ತಿದ್ದೆ. ಫೋಟೋ ನಿಮ್ಮಪ್ಪನ ಹಳೇ ಫೋನಿನಲ್ಲಿ ಇರಬೇಕು, ಹುಡುಕಿಸು.

ನಿಂತವರ ಮೇಲೆ ಸಿಟ್ಟು ಮಾಡಬೇಡ ಅನ್ನೋದನ್ನೂ ಹೇಳಿಬಿಡುತ್ತೇನೆ. ನಮ್ಮ ಆರ್‌ಸಿಬಿಗೂ ಒಂದು ವರ್ಷ ಆಡಿದ್ದನಲ್ಲ, ಕ್ವಿಂಟನ್ ಡಿ ಕಾಕ್. 2021ರ ಟಿ20 ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ಬೋರ್ಡು ಮ್ಯಾಚಿನ ದಿನ ಬೆಳಿಗ್ಗೆ ಎಲ್ಲರೂ ಮಂಡಿಯೂರಲೇಬೇಕು ಅಂತ ಆರ್ಡರ್ ಮಾಡಿತು. ಅವನು ಮ್ಯಾಚನ್ನೇ ಬಿಟ್ಟ. ಜನ ಅವನನ್ನು ಜನಾಂಗದ್ವೇಷಿ ಅಂದರು. ನನ್ನ ಮಲತಾಯಿಯೇ ಕಪ್ಪು ಹೆಂಗಸು, ಮಂಡಿಯೂರುವುದಕ್ಕೆ ತಕರಾರಿಲ್ಲ, ಹೇಳಿ ಮಾಡಿಸಿದ್ದು ಹಿಡಿಸಲಿಲ್ಲ ಅಂತ ಆಮೇಲೆ ಹೇಳಿದ. ಮುಂದಿನ ಮ್ಯಾಚಿನಲ್ಲಿ ತಾನಾಗಿ ಮಂಡಿಯೂರಿದ. ನನ್ನ ಸಾವಧಾನ್ ಕೇಳಿ ನಿಂತ ಸಾವಿರಾರು ಮಕ್ಕಳಲ್ಲಿ ಎಷ್ಟು ಜನ ದೇಶಕ್ಕೆ ನಿಂತರು, ಎಷ್ಟು ಜನ ನನ್ನ ಬೆತ್ತಕ್ಕೆ ನಿಂತರು, ಹೇಗೆ ಹೇಳಲಿ?

ಆ ಹುಡುಗ ಸಿಕ್ಕಿದ್ದ. ಈಗ ಐವತ್ತು ದಾಟಿದ್ದಾನೆ. ಸ್ವಂತ ಟೆಂಪೋ ಇಟ್ಟಿದ್ದಾನೆ, ಕೊಬ್ಬರಿ ಮೂಟೆ ಹೇರಿಕೊಂಡು ನಮ್ಮ ಎಪಿಎಂಸಿಗೆ ಬರುತ್ತಾನೆ. ಅವನೇ ಗುರುತು ಹಿಡಿದು, "ಸಾರ್, ಚೆನ್ನಾಗಿದ್ದೀರಾ, ಬನ್ನಿ ಟೀ ಕುಡಿಯೋಣ" ಅಂದ. ಕುಡಿದೆವು. ಕೊಬ್ಬರಿ ರೇಟಿನ ಮಾತಾಯಿತು, ಅವನ ಮಗಳ ಬಿ.ಎಡ್. ಮಾತಾಯಿತು. ನಾನು ಆ ಲಿಸ್ಟಿನ ಮಾತು ಎತ್ತಲು ಎರಡು ಸಲ ಬಾಯಿ ತೆರೆದೆ. ಆಗಲಿಲ್ಲ. ದುಡ್ಡು ಕೊಡಲು ಹೋದರೆ ಬಿಡಲಿಲ್ಲ, ಅವನೇ ಕೊಟ್ಟ.

ಹಾಗಾಗಿ ಮಂಡಿಯೂರು ಅಂತಲೂ ಬೇಡ ಅಂತಲೂ ನಾನು ಹೇಳುವುದಿಲ್ಲ. ಆ ಹಕ್ಕು ನನಗಿಲ್ಲ. ಊರುವುದಾದರೆ ಫೋನು ಹಿಡಿದು ವಿಡಿಯೋ ಮಾಡಿಸಬೇಡ. ಯಾಕೆ ಅಂತ ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ಬರಬೇಕು. ಈಗಲೇ ಅಪ್ಪನ ಮುಂದೆ ಹೇಳಿ ನೋಡು. ಅವನು ಕೂಗಾಡಿದರೂ ಆ ಮಾತು ಅಲ್ಲಾಡದಿದ್ದರೆ ಸಾಕು.

ನಿಮ್ಮ ಗೋಲ್‌ಕೀಪರ್ ಹುಡುಗಿಯ ವಿಷಯ ನಿಮ್ಮಮ್ಮ ಹೇಳಿದಳು. ಅವಳ ಅಣ್ಣ ನೇವಿಯಲ್ಲಿದ್ದಾನಂತೆ, ಈ ಸುದ್ದಿ ಕೇಳಿದಾಗಿನಿಂದ ನಿಮ್ಮ ನಾಲ್ವರ ಜೊತೆ ಮಾತೇ ಆಡುತ್ತಿಲ್ಲವಂತೆ. ಮ್ಯಾಚಿಗೆ ಮುಂಚೆ ಅವಳ ಮನೆಗೆ ಹೋಗು. ಮೆಸೇಜ್ ಹಾಕಬೇಡ, ಹೋಗು. ಅವಳು ಬೈದರೆ ಬೈಸಿಕೋ, ಮಧ್ಯೆ ಬಾಯಿ ಹಾಕಬೇಡ. ಮುಂದಿನ ವಾರ ನಿಮ್ಮ ಪಕ್ಕದ ಬೀದಿಯವರು ಬೆಂಗಳೂರಿನಿಂದ ವಾಪಸ್ ಹೊರಟಿದ್ದಾರೆ, ಅವರ ಕೈಲಿ ಅಜ್ಜಿ ಕೊಬ್ಬರಿ ಮಿಠಾಯಿ ಕಳಿಸುತ್ತಿದ್ದಾಳೆ. ಎರಡು ಡಬ್ಬ ಇದೆ. ಚಿಕ್ಕದು ನಿಮಗೆ. ದೊಡ್ಡದನ್ನು ಬಿಚ್ಚದೆ ಅವಳ ಮನೆಗೆ ತಗೊಂಡು ಹೋಗು. ಅವಳು ಏನಂದಳು ಅಂತ ನನಗೆ ಬರಿ.

ಇಂತಿ,
ನಿನ್ನ ಚಿಕ್ಕತಾತ